ಮನೆಯ ಮುಖ: ಕದ್ರಾ ಸೀಮೆಯ ಮುಂಬಾಗಿಲುಗಳ ಇತಿಹಾಸ

ಒಂದು ಸೀಮೆಯ ಇತಿಹಾಸವನ್ನು ಬರೆಯಹೊರಟವರು ಕೋಟೆ, ಶಾಸನ, ಸಂಧಿಪತ್ರಗಳಿಂದ ಆರಂಭಿಸುವದು ರೂಢಿ. ಕಾರವಾರ ಸೀಮೆಯ ಮಟ್ಟಿಗೆ ಅಂಥ ಸಾಮಗ್ರಿಗೆ ಕೊರತೆಯೇನೂ ಇಲ್ಲ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷ ವರ್ತಕರು ಮೆಣಸಿನ ಆಸೆಯಿಂದ ಇಲ್ಲಿ ಕೋಠಿಯನ್ನಿಟ್ಟರು. ಸೋದೆಯ ಅರಸರು ಕಾಳೀ ನದಿಯು ಕಡಲನ್ನು ಕೂಡುವ ಸ್ಥಳದಲ್ಲಿ ಸದಾಶಿವಗಡವನ್ನು ಕಟ್ಟಿಸಿದರು. ೧೮೬೨ರಲ್ಲಿ ಉತ್ತರ ಕಾನಡಾ ಜಿಲ್ಲೆಯು ಮದ್ರಾಸ ಇಲಾಖೆಯನ್ನು ಬಿಟ್ಟು ಮುಂಬಯಿ ಇಲಾಖೆಗೆ ಸೇರಿತು. ೧೯೫೬ನೆಯ ನವೆಂಬರ ೧ರಂದು ಮೈಸೂರು ರಾಜ್ಯವನ್ನು ಕೂಡಿಕೊಂಡಿತು. ಇವೆಲ್ಲವೂ ಬರೆಯತಕ್ಕ ಸಂಗತಿಗಳೇ ಸರಿ. ಆದರೆ ಅರಸನಿಗೆ ಕೋಟೆಯ ಬಾಗಿಲು ಎಂತೋ, ಒಕ್ಕಲಿನವನಿಗೆ ಅವನ ಮನೆಯ ಬಾಗಿಲು ಅಂತು. ಕೋಟೆಯ ಬಾಗಿಲಿಗೆ ನೂರು ವರ್ಷಕ್ಕೊಮ್ಮೆ ಮುತ್ತಿಗೆ ಬಂದೀತು. ಮನೆಯ ಬಾಗಿಲಿಗೆ ಕಸ, ಕೆಸರು, ಗಾಳಿ, ಮಳೆ, ನಂಟರು, ಸಾಲಗಾರರು, ದೇವರು ದಿಂಡರು ದಿನನಿತ್ಯವೂ ಬರುತ್ತಲೇ ಇರುತ್ತಾರೆ. ಈ ಬಾಗಿಲಿನ ಇತಿಹಾಸವನ್ನು ಬರೆದವರು ವಿರಳ.

ಪ್ರಕೃತ ಲೇಖನದ ವಿಷಯವು ಇದೇ. ಮುಂಬಾಗಿಲು ಎಂದರೆ ಬರಿಯ ಕದವಲ್ಲ. ದಣಪೆಯಿಂದ ತೊಡಗಿ ಅಂಗಳ, ತುಳಸಿಕಟ್ಟೆ, ಮೆಟ್ಟಿಲು, ಜಗಲಿ ಇವುಗಳನ್ನು ದಾಟಿ ಹೊಸ್ತಿಲಿನವರೆಗಿನ ನೆಲವೆಲ್ಲವೂ ಇಲ್ಲಿ ಆ ಮಾತಿನಲ್ಲಿ ಅಡಕವಾಗಿದೆ. ವಾಚಕರ ಮುಂದೆ ಒಂದು ಪ್ರಶ್ನೆಯನ್ನಿಡುತ್ತೇನೆ. ನಮ್ಮ ಹಿರಿಯರ ಮನೆಗಳಲ್ಲಿ ನೆಲವು ಮಣ್ಣಿನದು. ಮುಂಬಾಗಿಲಲ್ಲಿಯೇ ಭತ್ತ ಬಡಿಯುತ್ತಿದ್ದರು, ದನ ಕಟ್ಟುತ್ತಿದ್ದರು, ನೇಗಿಲು ನೊಗ ಇಳಿಸುತ್ತಿದ್ದರು. ಹೊಲಸಾಗಲು ಅಲ್ಲಿ ನೂರು ಕಾರಣಗಳಿದ್ದವು. ಆದರೂ ಆ ನೆಲವು ಬಹುಮಟ್ಟಿಗೆ ತೆರವಾಗಿಯೂ ಶುಚಿಯಾಗಿಯೂ ಇರುತ್ತಿತ್ತು. ಈಗಿನ ನಮ್ಮ ಮನೆಗಳಲ್ಲಿ ನೆಲವು ಸಿಮೆಂಟಿನದು, ಬಹಳ ಮನೆಗಳಲ್ಲಿ ದನವಿಲ್ಲ, ಒಕ್ಕಣೆಯಿಲ್ಲ. ಆದರೂ ಜಗಲಿಯ ಮೇಲೆ ಕಾಲಿಡಲು ಸ್ಥಳವಿಲ್ಲ. ಇದಕ್ಕೆ ಕಾರಣವೇನು? ಈಗಿನವರು ಸೋಮಾರಿಗಳು ಎಂದು ಹೇಳಿ ಕೈತೊಳೆದುಕೊಳ್ಳುವದು ಸುಲಭ. ಆದರೆ ಅದು ವಿಚಾರವಲ್ಲ, ಬೈಗಳು. ಕಾರಣವನ್ನು ಇತಿಹಾಸದಲ್ಲಿ ಹುಡುಕಬೇಕು.

ಪಾಠಶಾಲೆಗಳಲ್ಲಿ ಬಾಲಕರಿಂದ ಮೊದಲು ಕಂಠಪಾಠ ಮಾಡಿಸುವ ಅಮರಕೋಶದಿಂದಲೇ ತೊಡಗೋಣ. ಅದರ ಪುರವರ್ಗದಲ್ಲಿ ಅಮರಸಿಂಹನು ಹೊಸ್ತಿಲಿಗೂ ಅಂಗಳಕ್ಕೂ ಒಂದರ ಬೆನ್ನಿಗೊಂದರಂತೆ ಹೆಸರು ಹೇಳಿದ್ದಾನೆ. ಸ್ವಲ್ಪ ಮುಂದೆ ಹೋದರೆ ಕದ, ಅಗುಳಿ, ಮೆಟ್ಟಿಲು, ಏಣಿ ಇವುಗಳ ಹೆಸರುಗಳು. ಅವುಗಳ ತರುವಾಯ ಪೊರಕೆಯ ಹೆಸರು. ಆಮೇಲೆ ಪೊರಕೆಯಿಂದ ಹೊರಹಾಕಿದ ಕಸದ ಹೆಸರು. ಅದರ ಬೆನ್ನಿಗೇ ಮನೆಯಿಂದ ಹೊರಬೀಳುವ ದಾರಿಯ ಹೆಸರು. ಈ ದಾರಿಗೆ ಆತನು ಕೊಟ್ಟ ಪರ್ಯಾಯಪದಗಳು ಎರಡು: ಮುಖ ಮತ್ತು ನಿಃಸರಣ. ಮನೆಗೆ ಬಾಗಿಲೇ ಮುಖ. ಆ ಮುಖದ ಮೊದಲನೆಯ ಪ್ರಯೋಜನವು ಅಲಂಕಾರವಲ್ಲ, ಹೊರಡುವದು. ನಮ್ಮ ಬಾಗಿಲ್ ಶಬ್ದದ ಬಂಧುವಾದ ತಮಿಳಿನ ವಾಯಿಲ್ ಎಂಬುದರಲ್ಲಿಯೂ ಬಾಯಿ ಎಂಬ ಅರ್ಥವು ಎದ್ದು ಕಾಣುತ್ತದೆ. ಕಸವನ್ನು ಹೇಳಿದೊಡನೆ ಹೊರದಾರಿಯನ್ನು ಹೇಳಿದ್ದು ಕೋಶಕಾರನ ಉದ್ದೇಶವೋ ಛಂದಸ್ಸಿನ ಅನುಕೂಲವೋ, ಅದನ್ನು ಪಂಡಿತರು ಚರ್ಚಿಸಲಿ. ಬಾಲಕನ ಬಾಯಲ್ಲಿ ಮಾತ್ರ ಅವೆರಡೂ ಜೊತೆಯಾಗಿಯೇ ಉಳಿಯುತ್ತವೆ.

ಕೋಶವು ಹೆಸರನ್ನಷ್ಟೇ ಹೇಳುತ್ತದೆ. ನಿಯಮವನ್ನು ಹೇಳಿದವನು ಆರನೆಯ ಶತಮಾನದ ವರಾಹಮಿಹಿರ. ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ಆತನು ದ್ವಾರವೇಧವೆಂಬ ದೋಷವನ್ನು ವಿವರಿಸಿದ್ದಾನೆ. ಬಾಗಿಲಿಗೆ ನೇರ ಇದಿರಾಗಿ ದಾರಿ, ಮರ, ಮೂಲೆ, ಬಾವಿ, ಕಂಬ, ಬಚ್ಚಲಿನ ಹರಿವು ಇವು ಇರಬಾರದು. ಬಾಗಿಲಲ್ಲಿ ಕೆಸರಿದ್ದರೆ ಮನೆಯವರಿಗೆ ಶೋಕ, ನೀರು ಹರಿಯುತ್ತಿದ್ದರೆ ದ್ರವ್ಯವ್ಯಯ. ಇಷ್ಟನ್ನೇ ಕೇಳಿದವರು ಇದನ್ನು ಅಂಧಶ್ರದ್ಧೆಯೆಂದಾರು. ಆದರೆ ಅದೇ ಸ್ಥಳದಲ್ಲಿ ಆತನು ಒಂದು ಅಳತೆಯನ್ನೂ ಕೊಟ್ಟಿದ್ದಾನೆ: ಮನೆಯ ಎತ್ತರದ ಎರಡರಷ್ಟು ನೆಲವನ್ನು ಬಿಟ್ಟು ಆಚೆಗೆ ಅವು ಇದ್ದರೆ ದೋಷವಿಲ್ಲ. ಮರವು ಸ್ವತಃ ಅಶುಭವಾಗಿದ್ದರೆ ದೂರ ಹೋದ ಮಾತ್ರಕ್ಕೆ ಶುಭವಾದೀತೇ? ಅಡ್ಡವಾಗುವದೇ ಅಶುಭ, ಅಡ್ಡವಾಗದಿದ್ದರೆ ಏನೂ ಇಲ್ಲ ಎಂಬದೇ ಆಚಾರ್ಯನ ತಾತ್ಪರ್ಯವೆಂದು ನನಗೆ ತೋರುತ್ತದೆ. ಹದಿನೈದು ಅಡಿ ಎತ್ತರದ ಮನೆಗೆ ಮೂವತ್ತು ಅಡಿ ತೆರವು ನೆಲ. ಇದು ಗಾಳಿ ಬೆಳಕುಗಳ ಲೆಕ್ಕ. ಮೂಲದ್ವಾರದ ಅಂದವನ್ನು ಮನೆಯ ಬೇರೆ ಯಾವ ಬಾಗಿಲೂ ಮೀರಿಸಬಾರದು, ಅದನ್ನು ಕುಂಭ ಫಲ ಪತ್ರಾದಿ ಮಂಗಲಚಿಹ್ನೆಗಳಿಂದ ಸಿಂಗರಿಸಬೇಕು ಎಂದೂ ಅಲ್ಲಿಯೇ ಹೇಳಿದೆ. ಮೊದಲು ತೆರವು, ಆಮೇಲೆ ತೋರಣ ಎಂಬ ಕ್ರಮವನ್ನು ಗಮನಿಸತಕ್ಕದ್ದು.

ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕಂಡುಹಿಡಿದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಇದೇ ವಿಷಯವನ್ನು ದಂಡದ ಭಾಷೆಯಲ್ಲಿ ಹೇಳುತ್ತದೆ. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ೧/೮ ಭಾಗ ದಂಡ, ಕೆಸರುನೀರು ಕಟ್ಟಿ ನಿಲ್ಲುವಂತೆ ಮಾಡಿದವನಿಗೆ ೧/೪ ಪಣ, ರಾಜಮಾರ್ಗದಲ್ಲಾದರೆ ಇಮ್ಮಡಿ. ಬೆಂಕಿಯ ಭಯಕ್ಕಾಗಿ ಗೃಹಸ್ಥನು ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಇವುಗಳನ್ನು ಸಿದ್ಧವಾಗಿಟ್ಟಿರಬೇಕು. ರಾತ್ರಿಯಲ್ಲಿ ಮನೆಯ ಯಜಮಾನರು ತಮ್ಮ ತಮ್ಮ ಮುಂಬಾಗಿಲಲ್ಲಿಯೇ ಇರಬೇಕು. ಜಗಲಿಯ ತುಂಬ ಹಳೆಯ ಸಾಮಾನು ಒಟ್ಟಿದ್ದರೆ ಯಜಮಾನನು ಎಲ್ಲಿ ಮಲಗಬೇಕು, ಏಣಿಯನ್ನು ಎಲ್ಲಿಂದ ಎಳೆಯಬೇಕು? ಮನುವು ಗೃಹಸ್ಥನ ವೈಶ್ವದೇವಬಲಿಯನ್ನು ಹೇಳುವಾಗ ಬಾಗಿಲಲ್ಲಿ ಇಡತಕ್ಕ ಬಲಿಯು ಮರುತ್ತುಗಳಿಗೆ, ಅಂದರೆ ಗಾಳಿಯ ದೇವತೆಗಳಿಗೆ ಸಲ್ಲತಕ್ಕದ್ದೆಂದು ವಿಧಿಸಿದ್ದಾನೆ. ಹೀಗೆ ಒಬ್ಬನು ಶುಭಾಶುಭದಿಂದ, ಒಬ್ಬನು ಬೆಂಕಿಯ ಭಯದಿಂದ, ಒಬ್ಬನು ದೇವತಾಭಾವದಿಂದ ಹೊರಟರೂ ಮೂವರೂ ಬಂದು ಮುಟ್ಟುವ ನೆಲೆ ಒಂದೇ: ಮನೆಯ ಬಾಯಿಯು ತೆರೆದಿರಬೇಕು.

ಇನ್ನು ನಮ್ಮ ಸೀಮೆಗೆ ಬರೋಣ. ಕದ್ರಾ ಗ್ರಾಮವು ಕಾರವಾರ ತಾಲೂಕಿನಲ್ಲಿ, ಸಹ್ಯಾದ್ರಿಯ ಬುಡದಲ್ಲಿ, ಕಾಳೀ ನದಿಯ ದಂಡೆಯಲ್ಲಿದೆ. ಇಲ್ಲಿಯ ಕೊಂಕಣಿ ಮನೆಗಳಲ್ಲಿಯಾಗಲಿ ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲು ಮನೆಗಳಲ್ಲಿಯಾಗಲಿ ವರಾಹಮಿಹಿರನನ್ನು ಓದಿದವರು ಯಾರಿದ್ದರು? ಆದರೂ ನಿಯಮವು ನಡೆಯುತ್ತಿತ್ತು. ಅದನ್ನು ನಡೆಯಿಸಿದ್ದು ಗ್ರಂಥವಲ್ಲ, ಮಳೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು ೩,೦೦೦ ಮಿಲಿಮೀಟರು, ಎಂದರೆ ಹಳೆಯ ಲೆಕ್ಕದಲ್ಲಿ ಹತ್ತಿರ ಹತ್ತಿರ ೧೨೦ ಅಂಗುಲ ಮಳೆ ಬೀಳುತ್ತದೆ. ಅದರ ಬಹುಭಾಗವು ನಾಲ್ಕೇ ತಿಂಗಳಲ್ಲಿ. ಇಂಥ ಸ್ಥಳದಲ್ಲಿ ಮುಂಬಾಗಿಲು ವರ್ಷವಿಡೀ ಒಂದೇ ರೂಪದಲ್ಲಿರುವದು ಶಕ್ಯವಿಲ್ಲ. ಮಳೆಗಾಲ ಹತ್ತಿರ ಬಂದಾಗ ಜಗಲಿಯ ಅಂಚಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಒಣಕಟ್ಟಿಗೆಯನ್ನು ಒಳಗೆ ಸೇರಿಸುತ್ತಿದ್ದರು, ಕಂಬಳಿಕೊಪ್ಪೆಗೆ ಒಂದು ಗೂಟ ಹೊಡೆಯುತ್ತಿದ್ದರು. ಮಳೆ ಹಿಂದೆಗೆದ ಮೇಲೆ ತಟ್ಟಿಯು ಬಿಚ್ಚಿ ಒಲೆಗೆ ಹೋಗುತ್ತಿತ್ತು, ಕಂಬಳಿಯು ಒಣಗಿ ಅಟ್ಟಕ್ಕೆ ಏರುತ್ತಿತ್ತು. ಅಂಗಳಕ್ಕೆ ಭತ್ತ ಬಂದರೆ ಒಕ್ಕಣೆಯಾದೊಡನೆ ಕಣಜಕ್ಕೆ, ಹುಲ್ಲು ಬಣವೆಗೆ, ಹೊಟ್ಟು ಗೊಬ್ಬರಗುಂಡಿಗೆ. ಬಾಗಿಲಿಗೆ ಬಂದ ಪ್ರತಿಯೊಂದು ವಸ್ತುವಿಗೂ ಬರುವ ತಿಥಿಯಂತೆ ಹೋಗುವ ತಿಥಿಯೂ ಇತ್ತು.

ಈ ತಿಥಿಗಳಿಗೆ ಹಬ್ಬಗಳೇ ಕಾವಲು. ಶ್ರಾವಣದಲ್ಲಿ ಸಾರಸ್ವತ ಸ್ತ್ರೀಯರು ಚೂಡಿಪೂಜೆ ಮಾಡಿ ತುಳಸಿಗೂ ಹೊಸ್ತಿಲಿಗೂ ಹೂವು ಗರಿಕೆಗಳ ಸೂಡಿಯನ್ನು ಅರ್ಪಿಸುವರು. ಹೊಸ್ತಿಲಿನ ಮೇಲೆ ಚೂಡಿಯನ್ನಿಡಬೇಕಾದರೆ ಹೊಸ್ತಿಲು ಕಾಣಬೇಕಷ್ಟೆ. ಹೊಸತಿನ ಹಬ್ಬದಲ್ಲಿ ಗದ್ದೆಯಿಂದ ತಂದ ಹೊಸ ತೆನೆಯನ್ನು ಬಾಗಿಲಿಗೆ ಕಟ್ಟುವರು. ಹೊಸ ತೆನೆಯನ್ನು ಕಟ್ಟುವವನು ಹಳೆಯ ಒಣತೆನೆಯನ್ನು ಕಳಚಲೇಬೇಕು. ದೀಪಾವಳಿಗೆ ಗೋಡೆಗೆ ಶೇಡಿ ಬಳಿದು, ಅಂಗಳವನ್ನು ಸಮಮಾಡಿ, ಸಗಣಿಯಿಂದ ಸಾರಿಸಿ ಬಲೀಂದ್ರನನ್ನು ಕರೆಯುವರು. ಕಾರ್ತಿಕ ಶುದ್ಧ ದ್ವಾದಶಿಯ ತುಳಸೀವಿವಾಹಕ್ಕೆ ಕಟ್ಟೆಗೆ ಸುಣ್ಣ. ಫಾಲ್ಗುಣದಲ್ಲಿ ಸುಗ್ಗಿಯ ತಂಡ ಬರುತ್ತದೆ. ತುರಾಯಿ ಕಟ್ಟಿಕೊಂಡು ಗುಮಟೆ ಬಾರಿಸುತ್ತ ಮನೆಯಿಂದ ಮನೆಗೆ ಹೋಗಿ ಅಂಗಳದಲ್ಲಿ ಕುಣಿಯುವ ಅವರಿಗೆ ಸುತ್ತು ತಿರುಗಲು ಸ್ಥಳ ಬೇಕು. ಚೈತ್ರಕ್ಕೆ ಯುಗಾದಿಯ ಮಾವಿನ ತೋರಣ. ಎಣಿಸಿ ನೋಡಿದರೆ ವರ್ಷದಲ್ಲಿ ಐದಾರು ಬಾರಿ ಮುಂಬಾಗಿಲು ಬರಿದಾಗಲೇಬೇಕಾದ ಕಟ್ಟಳೆ ಇದು. ಯಾರೂ ಉಪದೇಶ ಮಾಡಲಿಲ್ಲ; ಅತಿಥಿಯು ಬರುವ ದಿನವು ಗೊತ್ತಿತ್ತು, ಆದುದರಿಂದ ದಾರಿ ತೆರವಾಗುತ್ತಿತ್ತು.

ಇದಕ್ಕೆ ಸಹಾಯಕವಾದ ಇನ್ನೊಂದು ಸಂಗತಿಯನ್ನು ಬಹಳ ಜನರು ಗಮನಿಸಿರಲಿಕ್ಕಿಲ್ಲ. ಅದು ಸಗಣಿಯ ನೆಲ. ಸಗಣಿ ಸಾರಿಸಿದ ನೆಲವು ನಾಲ್ಕಾರು ದಿನಗಳಲ್ಲಿ ಬಿರಿದು ಧೂಳಾಗುತ್ತದೆ, ಮತ್ತೆ ಸಾರಿಸಬೇಕು. ಸಾರಿಸುವಾಗ ನೆಲದ ಮೇಲಿನ ಎಲ್ಲ ವಸ್ತುವನ್ನೂ ಎತ್ತಬೇಕು. ಒಂದು ಮರಿಗೆಯ ಸುತ್ತ ಸಾರಿಸಿ ಅದರ ಅಡಿಯನ್ನು ಬಿಟ್ಟರೆ ನೆಲದ ಮೇಲೆ ಕಲೆಯು ಉಳಿದು ಹಂಗಿಸುತ್ತದೆ. ಎತ್ತಿದ ವಸ್ತುವನ್ನು ಕೈಯಲ್ಲಿ ಹಿಡಿದಾಗಲೇ, ಇದು ಬೇಕೋ ಬೇಡವೋ ಎಂಬ ವಿಚಾರವು ಹುಟ್ಟುವದು. ಸಿಮೆಂಟು ಬಂದಿತು, ಹೆಂಗಸರ ಸೊಂಟಕ್ಕೆ ವಿಶ್ರಾಂತಿ ಸಿಕ್ಕಿತು. ಅದು ಒಳ್ಳೆಯದೇ ಆಯಿತು. ಹಿಂದಿನ ಕಷ್ಟವನ್ನು ಪುನಃ ತರಬೇಕೆಂದು ಯಾವ ವಿವೇಕಿಯೂ ಹೇಳಲಾರನು. ಆದರೆ ಹೆಂಗಸರ ಜೊತೆಯಲ್ಲಿ ವಸ್ತುಗಳಿಗೂ ವಿಶ್ರಾಂತಿ ಸಿಕ್ಕಿತು. ಸಿಮೆಂಟಿನ ಜಗಲಿಯ ಮೂಲೆಯಲ್ಲಿ ಇಟ್ಟ ಗೋಣಿಚೀಲವನ್ನು ಹತ್ತು ವರ್ಷ ಯಾರೂ ಎತ್ತಬೇಕಾದದ್ದಿಲ್ಲ.

ಹಿಂದಿನದನ್ನು ಇಷ್ಟು ಹೊಗಳಿದ ಮೇಲೆ ಒಂದು ಸತ್ಯವನ್ನು ಮರೆಮಾಚುವದು ಇತಿಹಾಸಕ್ಕೆ ತಕ್ಕದ್ದಲ್ಲ. ಆ ಶುಚಿಯಾದ ಅಂಗಳವು ಎಲ್ಲರಿಗೂ ಸಮಾನವಾಗಿರಲಿಲ್ಲ. ಕೆಲವರು ದಣಪೆಯ ಹೊರಗೆ, ಕೆಲವರು ಅಂಗಳದ ಅಂಚಿನಲ್ಲಿ, ಕೆಲವರು ಜಗಲಿಯ ಕೆಳಗೆ ನಿಲ್ಲಬೇಕಾಗಿತ್ತು. ಅಂಗಳವನ್ನು ಗೆಯ್ದು ಸಮಮಾಡಿದ ಕೈಗಳಿಗೇ ಹೊಸ್ತಿಲು ಮುಟ್ಟಲು ಅಧಿಕಾರವಿಲ್ಲದ ಮನೆಗಳಿದ್ದವು. ಮನೆಯ ಒಳಗೂ ಹಾಗೆಯೇ. ಪ್ರತಿದಿನ ಬಾಗಿಲು ಸಾರಿಸಿದ ಸೊಸೆಯು ಗಂಡನನ್ನು ಕಳೆದುಕೊಂಡ ಮರುದಿನದಿಂದ ಅದೇ ಬಾಗಿಲಲ್ಲಿ ರಂಗವಲ್ಲಿ ಹಾಕುವಂತಿರಲಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯಘಟನೆಯು ತನ್ನ ೧೭ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಕಸವನ್ನು ಗುಡಿಸಿ ಮನುಷ್ಯನನ್ನು ಹೊರಗೆ ನಿಲ್ಲಿಸಿದ ಬಾಗಿಲು ಶುಚಿಯೆನಿಸುವದಿಲ್ಲ. ಮುಂದೆ ನಾನು ಹೇಳುವ ಶುಚಿತ್ವದಲ್ಲಿ ಈ ತೆರವೂ ಸೇರಿದೆಯೆಂದು ವಾಚಕರು ತಿಳಿಯತಕ್ಕದ್ದು.

ಮುಂಬಾಗಿಲಿನ ಈ ಹಳೆಯ ವ್ಯವಸ್ಥೆಯೊಳಗೆ ಸರಕಾರವು ಕಾಲಿಟ್ಟದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ೧೮೮೯ರಲ್ಲಿ ಮುಂಬಯಿ ಇಲಾಖೆಯು ಗ್ರಾಮನೈರ್ಮಲ್ಯಕ್ಕಾಗಿ ಒಂದು ಕಾಯಿದೆಯನ್ನು ಮಾಡಿತು. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯಿಂದ ಅಧಿಕಾರಿಗಳು ಯಾರ ಮನೆಯ ಬಾಗಿಲನ್ನಾದರೂ ತೆರೆಯಿಸಿ ಒಳಹೊಕ್ಕು ಶೋಧಿಸುವ ಅಧಿಕಾರವನ್ನು ಪಡೆದರು. ಸಾಮಾನನ್ನು ಬೀದಿಗೆ ಎಸೆಯಿಸಿ, ಬಾಗಿಲ ಮೇಲೆ ಗುರುತು ಹಾಕಿ ಹೋಗುವ ಆ ಬಲಾತ್ಕಾರವನ್ನು ಜನರು ದ್ವೇಷಿಸಿದ್ದು ಸಹಜ. ಆದರೆ ೧೮೯೮ರಲ್ಲಿ ಸಿಮೋಂದ್ ಎಂಬ ಫ್ರೆಂಚ ವೈದ್ಯನು ಕರಾಚಿಯಲ್ಲಿ, ಪ್ಲೇಗನ್ನು ಹರಡುವದು ಇಲಿಯ ಮೈಮೇಲಿನ ಚಿಗಟವೆಂದು ತೋರಿಸಿದನು. ಆಗ ಒಟ್ಟಿಟ್ಟ ಸಾಮಾನಿನ ಹಿಂದಿನ ಕತ್ತಲೆಗೆ ಹೊಸದೊಂದು ಅರ್ಥ ಬಂದಿತು. ಮೂಲೆಯ ಗೋಣಿಯು ಕಣ್ಣಿಗಷ್ಟೇ ಅಸಹ್ಯವಲ್ಲ, ಇಲಿಗೆ ಅದು ಛತ್ರ.

ಬಾಗಿಲಿಗೆ ಬಂದ ಎರಡನೆಯ ಅಧಿಕಾರಿಯು ಜಪ್ತಿಯವನು. ೧೯೩೦ನೆಯ ಎಪ್ರಿಲ್ ೧೩ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾಯಿತು. ತರುವಾಯ ಅಂಕೋಲಾ ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆಯಿತು. ಕರ ಕೊಡದ ರೈತರ ಜಮೀನು, ದನಕರು, ಪಾತ್ರೆ ಪಡಗಗಳು ಜಪ್ತಿಯಾಗಿ ಹೋದವು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಸ್ತ್ರೀಯರು ಜಪ್ತಿಯ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಜೀವಮಾನವೆಲ್ಲ ತಮ್ಮ ಮನೆಯ ಅಂಗಳವನ್ನು ಸಾರಿಸಿದವರು ಇನ್ನೊಬ್ಬರ ಅಂಗಳದ ಮುಂದೆ ಕುಳಿತು ನ್ಯಾಯವನ್ನು ಕೇಳಿದ ಈ ಪ್ರಸಂಗವು ನಮ್ಮ ಜಿಲ್ಲೆಯ ಬಾಗಿಲುಗಳ ಇತಿಹಾಸದಲ್ಲಿ ಅತ್ಯಂತ ಘನವಾದದ್ದು.

ಮೂರನೆಯವನು ಮಲೇರಿಯಾ ಇಲಾಖೆಯ ಔಷಧದವನು. ನಮ್ಮ ಘಟ್ಟದ ಬುಡವು ಚಳಿಜ್ವರಕ್ಕೆ ಹೆಸರಾದದ್ದು. ೧೯೪೬ರಲ್ಲಿ ಡಾಕ್ಟರ ಡಿ. ಕೆ. ವಿಶ್ವನಾಥನ್ ಅವರ ಮೇಲ್ವಿಚಾರಣೆಯಲ್ಲಿ ಕಾನಡಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವು ಆರಂಭವಾಯಿತು. ೧೯೫೩ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣದ ಯೋಜನೆ ಬಂದಿತು. ಸೊಳ್ಳೆಯು ರಕ್ತ ಕುಡಿದು ಗೋಡೆಯ ಮೇಲೆ ಕೂಡುವದರಿಂದ ಔಷಧವನ್ನು ಗೋಡೆಗೆ ಸಿಂಪಡಿಸಬೇಕು. ಗೋಡೆ ಸಿಗಬೇಕಾದರೆ ಸಾಮಾನು ಸರಿಯಬೇಕು. ಹಬ್ಬವು ಮಾಡಿಸುತ್ತಿದ್ದ ಕೆಲಸವನ್ನು ಇಲಾಖೆಯು ಮಾಡಿಸಿತು. ಆ ಮೂವರಲ್ಲಿ ಜನರು ತಾವಾಗಿ ಬಾಗಿಲು ತೆರೆದು ಕರೆದದ್ದು ಬಹುಶಃ ಇವನೊಬ್ಬನನ್ನೇ.

ಕದ್ರಾದ ಬಾಗಿಲಿಗೆ ಇವೆಲ್ಲಕ್ಕಿಂತ ದೊಡ್ಡ ಬದಲಾವಣೆಯು ನದಿಯ ಕಡೆಯಿಂದ ಬಂದಿತು. ಕಾಳೀ ಜಲವಿದ್ಯುತ್ ಯೋಜನೆಯಲ್ಲಿ ಮೇಲೆ ಸೂಪಾದ ಅಣೆಕಟ್ಟು ೧೯೮೭ರಲ್ಲಿ ಮುಗಿಯಿತು; ಕೊಡಸಳ್ಳಿ ಮತ್ತು ಕದ್ರಾ ಅಣೆಕಟ್ಟುಗಳು ೧೯೯೦ರ ದಶಕದಲ್ಲಿ ಎದ್ದವು. ನದಿಯು ಕಡಲಿಗೆ ಹೋಗುವ ದಾರಿಯಲ್ಲಿ ಕದ್ರಾದ್ದೇ ಕೊನೆಯ ಕಟ್ಟು. ಅದರ ವಿದ್ಯುದಾಗಾರದಲ್ಲಿ ೫೦ ಮೆಗಾವಾಟಿನ ೩ ಯಂತ್ರಗಳಿವೆ. ಅದೇ ಜಲಾಶಯದ ದಂಡೆಯಲ್ಲಿ ಕೈಗಾದ ಅಣುವಿದ್ಯುತ್ ಕೇಂದ್ರವು ೨೦೦೦ದಿಂದ ವಿದ್ಯುತ್ತನ್ನು ಕೊಡುತ್ತಿದೆ. ಕಡಲ ದಂಡೆಯಲ್ಲಿ ೧೯೮೬ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು. ಈ ಯೋಜನೆಗಳಿಗಾಗಿ ಮನೆ ಗದ್ದೆಗಳನ್ನು ಬಿಟ್ಟ ಕುಟುಂಬಗಳು ಅಳೆದುಕೊಟ್ಟ ನಿವೇಶನಗಳಲ್ಲಿ ಹೊಸ ಮನೆ ಕಟ್ಟಿಕೊಂಡವು. ಅಂಥ ನಿವೇಶನದಲ್ಲಿ ಬಾಗಿಲು ತೆರೆದರೆ ಒಡನೆಯೇ ರಸ್ತೆ. ಒಕ್ಕಣೆಯ ಅಂಗಳವಿಲ್ಲ, ಬಣವೆಗೆ, ಗೊಬ್ಬರಗುಂಡಿಗೆ ಸ್ಥಳವಿಲ್ಲ, ಹಳೆಯ ನೆರೆಯವರು ನಾಲ್ಕು ದಿಕ್ಕಿಗೆ ಹೋದಲ್ಲಿ ಸುಗ್ಗಿಯ ತಂಡಕ್ಕೆ ಹಳೆಯ ದಾರಿಯೂ ಇಲ್ಲ. ಮನೆ ಬಂದಿತು, ಮುಂಬಾಗಿಲಿನ ಪಂಚಾಂಗವು ಬರಲಿಲ್ಲ.

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಹಿಂದಿನ ವಸ್ತುಗಳಿಗೆ ಋತುವಿತ್ತು. ಇಂದಿನ ವಸ್ತುಗಳಿಗೆ ಋತುವಿಲ್ಲ. ಮಡಲಿನ ತಟ್ಟಿಯು ಒಂದು ಮಳೆಗಾಲಕ್ಕೆ ಜೀರ್ಣವಾಗುತ್ತಿತ್ತು. ಅದರ ಸ್ಥಾನಕ್ಕೆ ಬಂದ ಪ್ಲಾಸ್ಟಿಕ್ಕಿನ ತಾಡಪತ್ರಿಯು ಹರಿದರೂ ಸಾಯುವದಿಲ್ಲ. ಮುರಿದ ಕುರ್ಚಿ, ಸವೆದ ಟಾಯರು, ಬಣ್ಣದ ಖಾಲಿ ಡಬ್ಬಿ, ಒಡೆದ ಬಕೆಟ್ಟು, ಕೆಟ್ಟ ದೂರದರ್ಶನ ಯಂತ್ರ, ಮನೆಯಲ್ಲಿ ಕಾಲುಗಳಿರುವದಕ್ಕಿಂತ ಹೆಚ್ಚಾದ ಪಾದರಕ್ಷೆ: ಇವು ಬಂದ ದಿನವನ್ನು ಹೇಳಬಹುದು, ಹೋಗುವ ದಿನವನ್ನು ಹೇಳುವವರಾರು? ಒಲೆಗೆ ಹಾಕುವಂತಿಲ್ಲ, ಗೊಬ್ಬರಕ್ಕೆ ಬರುವಂತಿಲ್ಲ. ಒಳಗೆ ಬೇಡವಾದದ್ದು, ಹೊರಗೆ ಎಸೆಯಲು ಮನಸ್ಸಿಲ್ಲದ್ದು, ಎರಡಕ್ಕೂ ನಡುವೆ ಇರುವ ಜಗಲಿಯಲ್ಲಿ ಬಂದು ನಿಲ್ಲುತ್ತದೆ. ಆದುದರಿಂದ ದೋಷವು ನಮ್ಮ ಸ್ವಭಾವದ್ದಲ್ಲ. ಹೊಸ ವಸ್ತುಗಳನ್ನು ತಂದ ನಾವು ಅವುಗಳಿಗೆ ತಿಥಿಯನ್ನು ಗೊತ್ತುಮಾಡಲಿಲ್ಲ, ಅಷ್ಟೆ.

ಇದು ಬರಿಯ ಅಂದಚೆಂದದ ಮಾತಾಗಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ೨೦೧೯ರ ಅಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಘಟ್ಟದ ಮೇಲೆ ವಿಪರೀತ ಮಳೆಯಾಗಿ, ಕದ್ರಾ ಅಣೆಕಟ್ಟಿನ ದ್ವಾರಗಳನ್ನು ತೆರೆದಾಗ, ಕದ್ರಾ ಮಲ್ಲಾಪುರ ಮೊದಲಾದ ನದೀತೀರದ ಊರುಗಳ ಮನೆಗಳಿಗೆ ನೀರು ನುಗ್ಗಿತು. ಅಣೆಕಟ್ಟಿನ ದ್ವಾರವು ತೆರೆಯುವ ಕಾಲವು ನಮ್ಮ ಕೈಯಲ್ಲಿಲ್ಲ. ಮನೆಯ ದ್ವಾರವು ತೆರೆದಿರುವದು ನಮ್ಮ ಕೈಯಲ್ಲಿದೆ. ನಮ್ಮ ಮನೆಗಳ ಕದಗಳು ಸಾಮಾನ್ಯವಾಗಿ ಒಳಮುಖವಾಗಿ ತೆರೆಯುತ್ತವೆ. ಕದದ ಹಿಂದೆ ಚೀಲಗಳನ್ನು ಒಟ್ಟಿದ್ದರೆ ಅದು ಅರ್ಧವೇ ತೆರೆದೀತು. ಕತ್ತಲೆಯಲ್ಲಿ, ದೀಪ ಹೋದಾಗ, ಮೊಳಕಾಲುಮಟ್ಟದ ನೀರಿನಲ್ಲಿ, ಮುದುಕಿಯೊಬ್ಬಳನ್ನು ಎತ್ತಿಕೊಂಡು ಹೊರಬರುವವನಿಗೆ ಜಗಲಿಯ ಮೇಲಿನ ಮುರಿದ ಕುರ್ಚಿಯು ವರಾಹಮಿಹಿರನ ಕಂಬಕ್ಕಿಂತ ಕ್ರೂರವಾದ ವೇಧ. ಅಮರಸಿಂಹನು ಮುಖಕ್ಕೆ ನಿಃಸರಣವೆಂಬ ಹೆಸರನ್ನು ಏಕೆ ಕೊಟ್ಟನೆಂಬದು ಅಂಥ ರಾತ್ರಿಯಲ್ಲಿ ತಿಳಿಯುತ್ತದೆ. ನೀರು ಇಳಿದ ಮೇಲೆ ಉಳಿಯುವ ರಾಡಿಯಲ್ಲಿ ಇಲಿಯ ಮೂತ್ರದಿಂದ ಹರಡುವ ಜ್ವರದ ಭಯವುಂಟು. ತೆಂಗಿನ ಕರಟ, ಟಾಯರು, ಹೂಕುಂಡದ ತಟ್ಟೆಗಳಲ್ಲಿ ನಿಂತ ತಿಳಿನೀರಿನಲ್ಲಿ ಡೆಂಗೀಜ್ವರದ ಸೊಳ್ಳೆಯು ಮೊಟ್ಟೆಯಿಟ್ಟು, ಒಂದು ವಾರದಿಂದ ಹತ್ತು ದಿನಗಳೊಳಗಾಗಿ ರೆಕ್ಕೆ ಬಂದು ಹಾರುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಹಳೆಯ ಸಗಣಿಯ ನೆಲವನ್ನು ಮರಳಿ ತರುವದಲ್ಲ. ಹಳೆಯ ಪಂಚಾಂಗವನ್ನು ಹೊಸ ವಸ್ತುಗಳಿಗೆ ಅನ್ವಯಿಸುವದು. ರೋಹಿಣೀ ಮಳೆಯು ಮುಗಿದು ಮೃಗಶಿರೆಯು ಕೂಡುವದರೊಳಗೆ ಒಂದು ದಿನ ಮನೆಮಂದಿಯೆಲ್ಲರೂ ಕೂಡಿ ಜಗಲಿಯ ಮೇಲಿನದನ್ನೆಲ್ಲ ಅಂಗಳಕ್ಕೆ ಇಳಿಸಬೇಕು. ಗಂಡಸರು ಆ ದಿನ ಪೇಟೆಗೆ ಹೋಗಬಾರದು. ಹೋದ ಮೃಗಶಿರೆಯಿಂದ ಈ ಮೃಗಶಿರೆಯವರೆಗೆ ಒಮ್ಮೆಯೂ ಕೈ ಮುಟ್ಟದ ವಸ್ತುವು ಪುನಃ ಮೆಟ್ಟಿಲನ್ನು ಹತ್ತಬಾರದು. ಬೇಕಾದವರಿಗೆ ಕೊಡಲಿ, ಗುಜರಿಯವನಿಗೆ ಹಾಕಲಿ, ಆದರೆ ನದಿಗೆ ಮಾತ್ರ ಎಸೆಯದಿರಲಿ. ಅಂಗಳದ ನೀರು ಹೋಗುವ ಕಾಲುವೆಯನ್ನು ಅಂದೇ ತೋಡಿ ಬಿಡಿಸಬೇಕು. ಎರಡನೆಯ ದಿನವು ದೀಪಾವಳಿಗೆ ಮೊದಲು. ಆಗ ಮಳೆಗಾಲದ ತಾಡಪತ್ರಿಯು ತೊಳೆದು ಒಣಗಿ, ಮಡಿಕೆಯಾಗಿ ಅಟ್ಟಕ್ಕೆ ಹೋಗಲಿ. ಬಾಗಿಲಿಗೆ ಎಣ್ಣೆ, ಗೋಡೆಗೆ ಸುಣ್ಣ ಆಗಲಿ. ಮೂರನೆಯದು ಸುಗ್ಗಿಗೆ ಮೊದಲು. ತಂಡವು ಬರದ ಊರಾದರೂ, ಬಂದರೆ ಕುಣಿಯಲು ಸ್ಥಳವಿದೆಯೇ ಎಂದು ಅಂಗಳವನ್ನು ನೋಡಿಕೊಳ್ಳಲಿ. ಇವಲ್ಲದೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ನಿಂತ ನೀರನ್ನೆಲ್ಲ ಚೆಲ್ಲುವದು ಮಕ್ಕಳಿಗೆ ಒಪ್ಪಿಸತಕ್ಕ ಕೆಲಸ. ಅವರು ಅದನ್ನು ಉತ್ಸಾಹದಿಂದ ಮಾಡುವರು.

ತೆರವು ಎಷ್ಟಿದ್ದರೆ ಸಾಕು ಎಂದು ಕೇಳುವವರಿಗೆ ಒಂದು ಅಳತೆಯನ್ನು ಸೂಚಿಸುತ್ತೇನೆ. ಇಬ್ಬರು ಹಿಂದೆ ಮುಂದೆ ಹಿಡಿದು ರೋಗಿಯಿರುವ ಮಂಚವನ್ನು ನಡುಮನೆಯಿಂದ ದಣಪೆಯವರೆಗೆ, ಎಲ್ಲಿಯೂ ಕೆಳಗಿಡದೆ, ಏನನ್ನೂ ಸರಿಸದೆ ಒಯ್ಯುವಂತಿರಬೇಕು. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಾಗಿಲಿಗೆ ತೋರಣ ಕಟ್ಟಿ, ರಂಗವಲ್ಲಿ ಹಾಕಿ, ಅದು ಶೋಭಿಸುವದು. ಆಗದ ಬಾಗಿಲಿಗೆ ಎಷ್ಟು ತೋರಣ ಕಟ್ಟಿದರೂ ಅದು ತೊಳೆಯದ ಮುಖಕ್ಕೆ ಗಂಧ ಹಚ್ಚಿದಂತೆ.

ದೇಹಲೀದೀಪನ್ಯಾಯವೆಂದು ಶಾಸ್ತ್ರಜ್ಞರು ಹೇಳುವದುಂಟು. ಹೊಸ್ತಿಲಿನ ಮೇಲಿಟ್ಟ ಒಂದೇ ದೀಪವು ಒಳಗಿನ ಕೋಣೆಗೂ ಹೊರಗಿನ ಅಂಗಳಕ್ಕೂ ಬೆಳಕನ್ನು ಕೊಡುವದೆಂದು ಅದರ ಅರ್ಥ. ಮುಂಬಾಗಿಲಿನ ಶುಚಿತ್ವವೂ ಅಂಥದೇ. ಒಳಗಿನವರಿಗೆ ಅದು ಆರೋಗ್ಯ, ಹೊರಗಿನವರಿಗೆ ಆದರ; ಬರುವವನಿಗೆ ಅದು ಸ್ವಾಗತ, ಹೊರಡಬೇಕಾದವನಿಗೆ ಪ್ರಾಣರಕ್ಷಣೆ. ಈ ವಿಷಯದಲ್ಲಿ ಸಂಘದ ಸದಸ್ಯರು ತಮ್ಮ ತಮ್ಮ ಊರಿನ ವೃದ್ಧೆಯರನ್ನು ಕೇಳಿ, ಯಾವ ತಿಂಗಳಲ್ಲಿ ಮುಂಬಾಗಿಲಿಗೆ ಏನು ಬರುತ್ತಿತ್ತು, ಏನು ಹೋಗುತ್ತಿತ್ತು ಎಂಬದನ್ನು ಬರೆದಿಟ್ಟರೆ ಅದು ಜಿಲ್ಲೆಯ ಇತಿಹಾಸಕ್ಕೆ ಶಾಸನದಷ್ಟೇ ಬೆಲೆಯುಳ್ಳ ಸಾಮಗ್ರಿಯಾದೀತು. ಆ ತಿಂಗಳುಗಳನ್ನು ನೆನಪಿನಿಂದ ಹೇಳಬಲ್ಲವರು ಈಗ ಎಂಬತ್ತು ದಾಟಿದವರು. ಕೇಳುವ ಕೆಲಸವು ಬರುವ ಮೃಗಶಿರೆಯ ಒಳಗಾಗಿಯೇ ಆಗತಕ್ಕದ್ದೆಂದು ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇನೆ.